ಕೊಲಂಬೊಕ್ಕ ಹೋದ ದಂಡೋತಿ ದೋಣಿ

ವಾಡಿ ಜಂಕ್ಷನ್

ಹಡಗು ನಡೀಲಿಕ್ಕೆ ಸಮುದ್ರ ಬೇಕು, ಖರೆ. ಹಡಗಿನ ಮಾದರಿ ಕಟ್ಟಲಿಕ್ಕೆ ಸಮುದ್ರ ಯಾಕ ಬೇಕು? ಇಷ್ಟು ಸಾದಾ ಮಾತು ನಮ್ಮ ಸೇಡಂ, ಚಿತ್ತಾಪುರದ ಮಂದಿ ತಲ್ಯಾಗ ಹೋಗವಲ್ದು. ನಾ ಚಿತ್ತಾಪುರ ಕೋರ್ಟಿನಾಗ ವಕೀಲ. ಹಗಲೆಲ್ಲಾ ಬದುವಿನ ಜಗಳ, ಬಾಂದಿನ ಕಲ್ಲಿನ ಜಗಳ ಅಂತ ಬಾಯಿ ಬಡಕೊಂಡು, ಸಂಜಿಕ ಪಡಸಾಲ್ಯಾಗ ಕುಂತು ಮೊಳದುದ್ದ ಹಡಗು ಕಟ್ಟತೀನಿ. ಊರಾಗ ಮಂದಿ ಇಸ್ಪೀಟು ಆಡ್ತಾರ, ಕಟ್ಟಿಗೆ ಕುಂತು ಕಂಡೋರ ಮನಿ ಮಾತು ಆಡ್ತಾರ, ಅವರಿಗೆ ಯಾರೂ ಏನೂ ಅನ್ನಂಗಿಲ್ಲ. ನನಗ ಮಾತ್ರ ‘ಹಡಗಿನ ವಕೀಲ’ ಅಂತ ಹೆಸರಿಟ್ಟಾರ. ಒಮ್ಮೆ ಎದುರು ಪಾರ್ಟಿ ವಕೀಲ ತುಂಬಿದ ಕೋರ್ಟಿನಾಗ, “ಇವರಿಗೆ ಲಗೂನ ತಾರೀಖು ಕೊಡ್ರಿ ಸಾಹೇಬ್ರ, ಹಡಗು ಹೊಂಟದಂತ” ಅಂದ. ಮುನ್ಸಿಫರು ಸೈತ ನಕ್ಕರು. ಈಗ ನೆನಸಿದರೂ ಮೈ ಉರೀತದ.

ನನಗ ಈ ಹುಚ್ಚು ಹಚ್ಚಿದಾಂವ ಶಹಾಬಾದದಾಗ ಮೊದಲಿದ್ದ ಒಬ್ಬ ಇಂಜಿನಿಯರ್ ಸಾಹೇಬ. ಆತ ಈಗ ಕೊಲಂಬೊದಾಗ ಅದಾನ. ಅಲ್ಲಿ ಹಡಗಿನ ಮಾದರಿ ಕಟ್ಟಾವ್ರದೇ ಒಂದು ಸಂಘ ಅದ, ಪ್ರದರ್ಶನ ಇಡ್ತಾರ, ಪಾಸಾದ ಮಾದರಿನ್ನ ತಮ್ಮ ಗಾಜಿನ ಕಪಾಟಿನಾಗ ಖಾಯಂ ಇಟ್ಟುಕೊಳ್ತಾರ ಅಂತ ಆತ ತಿಳಿಸಿದ. ನಾ ವಿಲಾಯತಿ ಹಡಗು ಒಯ್ಯಲಿಲ್ಲ. ಕಾಗಿಣಾ ಹೊಳಿ ದಂಡಿಯ ದಂಡೋತಿ ಊರಿನ ದೋಣಿ ಮಾಡಿದೆ, ಅದನ್ನೇ ಒಯ್ದೆ.

ಆ ದೋಣಿ ಅಂಬಿಗರ ಭೀಮಶ್ಯಾನದು. ಅವನಪ್ಪ ಕಟ್ಟಿಸಿದ್ದು. ಹೋದ ಮಳಿಗಾಲಕ್ಕ ಹೊಳಿ ಬಂದು, ಕಟ್ಟಿದ ಹಗ್ಗ ಹರಕೊಂಡು ಹೋತು. ಒಂದು ಹಲಗಿ ಸೈತ ಸಿಗಲಿಲ್ಲ. ಈಗ ಅಲ್ಲಿ ಗುತ್ತೇದಾರನ ಹೊಸ ದೋಣಿ ಬಂದದ, ಹುಟ್ಟು ಹಾಕಾಂವ ಬ್ಯಾರೆ. ಭೀಮಶ್ಯಾ ದಂಡಿಗೆ ಕುಂತು ಅದನ್ನ ನೋಡತಾನ, ಬೈತಾನ. ಅವನ ದೋಣಿದು ಇನ್ನ ಉಳದದ್ದಂದ್ರ ನಾ ಮಾಡಿದ ಆ ಮೊಳದುದ್ದ ಮಾದರಿ ಒಂದೇ. ಅದು ಕೊಲಂಬೊಕ್ಕ ಹೊಂಟದ ಅಂತ ಗೊತ್ತಾದ ಕೂಡ್ಲೆ ಚಿತ್ತಾಪುರಕ್ಕ ನಡಕೋತ ಬಂದ.

“ನನ್ನ ದೋಣಿ ಹೊಂಟದಂತಲ್ಲರಿ?”

“ಹೌದಪ್ಪ.”

“ನನ್ನ ಬಿಟ್ಟು ಅದು ಎಂದರ ಹೋಗೇದೇನ್ರಿ? ನಾನೂ ಬರ್ತೀನಿ.”

ಹಿಂಗಾಗಿ ವಾಡಿ ಸ್ಟೇಶನ್ನಿನಾಗ ನಾವು ಇಬ್ಬರು. ಅವನ ಹೆಗಲಿಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ ಗಂಟು, ನನ್ನ ತೊಡಿ ಮ್ಯಾಲ ದೋಣಿ ಇಟ್ಟ ಕಟ್ಟಿಗಿ ಪೆಟ್ಟಿಗಿ. ಮದ್ರಾಸ ಮೇಲ್ ಹತ್ತಿದ್ದೇ ತಡ, ಎದುರಿಗೆ ಕುಂತ ರಾಯಚೂರ ಕಡೆ ಸಾಹುಕಾರ, “ಬಾಜಾ ಪೆಟ್ಟಿಗಿ ಏನ್ರಿ? ಒಂದು ಪದ ಆಗಲಿ” ಅಂದ. ಅಲ್ಲರಿ, ಬಾಜಾ ಪೆಟ್ಟಿಗಿ ಅಂದ್ರ ಬಾಜಾ ಪೆಟ್ಟಿಗಿ, ಇದಕ್ಕ ಗಾಳಿ ಹಾಕೋ ಹಲಗಿ ಎಲ್ಲಿ ಅದ? ಇಲ್ಲಪಾ, ದೋಣಿ ಅದ ಅಂದೆ. ಆತ ನನ್ನ ಮಾರಿ ನೋಡಿದ, ಭೀಮಶ್ಯಾನ ಮಾರಿ ನೋಡಿದ, ತನ್ನ ಗಂಟು ಎತ್ತಿಕೊಂಡು ಆ ಕಡಿ ಹೋಗಿ ಕುಂತ. ಭೀಮಶ್ಯಾ ಮಾತ್ರ ಬಾಯಿಗೆ ಟವಲ್ ಒತ್ತಿಕೊಂಡು ನಗಲಿಕತ್ತಿದ್ದ. ಗುಂತಕಲ್ ಬರೋತನಕ ಇಬ್ಬರ ಮ್ಯಾಲೂ ನನಗ ಸಿಟ್ಟಿತ್ತು.

ಮದ್ರಾಸಿನ ದಾರ್ಯಾಗ

ರೈಲಿನಾಗ ಹೊತ್ತು ಹೋಗಂಗಿಲ್ಲ. ಮಾದರಿ ಕಟ್ಟೋ ಆಸೆ ಇದ್ದಾವ್ರಿಗೆ ಇಲ್ಲೇ ನಾಕು ಮಾತು ಹೇಳಿಬಿಡ್ತೀನಿ. ಊರಾಗ ಯಾರೂ ಕೇಳಂಗಿಲ್ಲ, ನೀವರ ಕೇಳ್ರಿ.

ಮೊದಲನೇದು ಅಳತಿ. ನಾ ಮೊಳಕ್ಕ ಒಂದು ಇಂಚು ಹಿಡದೆ. ಎಲ್ಲಾದಕ್ಕೂ ಅದೇ ಅಳತಿ ಇರಬೇಕು. ದೋಣಿ ಸಣ್ಣದು ಮಾಡಿ ಹುಟ್ಟು ದೊಡ್ಡದು ಮಾಡಿದ್ರ ಅದು ದೋಣಿ ಅಲ್ಲ, ಜಾತ್ರ್ಯಾಗ ಮಾರೋ ಆಟಿಗಿ. ಕಟ್ಟಿಗಿ ಚಿಂಚೋಳಿ ಅಡವಿಯ ಸಾಗವಾನಿ ಇದ್ರ ಭಾಳ ಚಲೋ. ನಮ್ಮ ಬಡಿಗೇರ ಮನ್ಯಾಗ ಉಳದ ಚೂರು ಸಾಕು. ಹಲಗಿ ತೆಳ್ಳಗ ಸೀಳಿ, ಕುದಿಯೋ ಕೆಟ್ಲಿ ಮೂತಿಗೆ ಹಿಡೀರಿ, ಆವಿಗೆ ತಾನೇ ಬಾಗ್ತದ. ಜೋರು ಮಾಡಿದ್ರ ಮುರೀತದ. ಹತಾರ ಭಾಳ ಬೇಕಾಗಿಲ್ಲ: ತಿಕ್ಕಿ ನುಣ್ಣಗ ಮಾಡಲಿಕ್ಕೆ ಅಕ್ಕಸಾಲಿಗರ ಸಣ್ಣ ಕಾನಸ, ಒಂದು ಚಿಮಟಾ, ಒಂದು ಚಲೋ ಚಾಕು. ಅಂಟಿಗೆ ಬಡಿಗೇರು ವಾಪರ್ಸೋ ಸರೇಸು. ಅದು ಚರ್ಮ ಕುದಿಸಿ ಮಾಡಿದ್ದು. ನನ್ನ ಹೆಂಡತಿ ಗೌರಮ್ಮಗ ಅದು ಗೊತ್ತಾದ ದಿನ, ಲಿಂಗ ಕಟ್ಟಿದ ಮನ್ಯಾಗ ಇದೇನು ಹೊಲಸು ಅಂತ, ಕುದಿಯೋ ಗಡಗಿನೇ ಎತ್ತಿ ತಿಪ್ಪಿಗೆ ಒಗದಳು. ಆಮ್ಯಾಲ ದನದ ಕೊಟ್ಟಿಗ್ಯಾಗ ಒಲಿ ಹೂಡಿದೆ. ವಕೀಲ ಆದಾಂವ ದನದ ಬಾಲಕ್ಕ ಬಡಸಿಕೋತ ಅಂಟು ಕಾಸಬೇಕು, ನೋಡ್ರಿ ನನ್ನ ಹಣೆಬಾರ!

ಇನ್ನ ಬೆಸಿಗಿ. ನಮ್ಮ ದೋಣಿಗೆ ಕಬ್ಬಿಣ ಹಿತ್ತಾಳಿ ಏನೂ ಇರಲಿಲ್ಲ, ಒಂದೇ ಒಂದು ತಗಡಿನ ತ್ಯಾಪಿ ಇತ್ತು. ಅದರ ಸಲುವಾಗಿ ನಾ ಬೆಸಿಗಿ ಕಲಿಬೇಕಾತು. ಹಲಗ್ಯಾಗ ಕೂದಲದಂಥ ಹಿತ್ತಾಳಿ ಮೊಳಿ ತೂರಿಸಿ, ಹಿಂದಿಂದ ಮಡಿಚಿ, ಅದರ ತಲಿ ಮ್ಯಾಲ ತಗಡು ಕೂಡಿಸಿ ಬೆಸಿಗಿ ಹಾಕಬೇಕು. ತಗಡು ಮೊದಲ ಚೊಕ್ಕ ತಿಕ್ಕಬೇಕು, ಕೈ ಬಟ್ಟಿನ ಜಿಡ್ಡು ಇದ್ದರೂ ತವರ ಹಿಡಿಯಂಗಿಲ್ಲ. ನವಸಾಗರ ಹಚ್ಚಿ, ಕಾಯ್ದ ಕಡ್ಡಿ ಒದ್ದಿ ಅರಿವಿಗೆ ಒಮ್ಮೆ ಒರಸಿ, ಮುಟ್ಟಿಸಿದ್ದೇ ತಗೀಬೇಕು. ತಡ ಮಾಡಿದ್ರ ಕೆಳಗಿನ ಹಲಗಿ ಸುಟ್ಟು ಕರ್ರಗ ಆಗ್ತದ. ನಾ ಎಷ್ಟು ಹಲಗಿ ಸುಟ್ಟೀನಿ ಅಂತ ಕೇಳಬ್ಯಾಡ್ರಿ.

ಆ ತ್ಯಾಪಿ ಯಾಕ ಬೇಕಾಗಿತ್ತು ಅಂದ್ರ, ಅದೇ ಆ ದೋಣಿಯ ಚರಿತ್ರೆ. ನಿಜಾಮನ ರಾಜ್ಯ ಮುಗಿಸಿದ ಪೊಲೀಸ್ ಆಕ್ಷನ್ನಿಗೆ ಮೊದಲಿನ ಮಳಿಗಾಲ. ಊರೂರು ಗದ್ದಲ, ಮಂದಿ ಮನಿ ಮಾರು ಬಿಟ್ಟು ಓಡಲಿಕತ್ತಿದ್ರು. ಕಾಗಿಣಾ ಎರಡೂ ದಂಡಿ ತುಂಬಿ ಹರೀತಿತ್ತು. ಭೀಮಶ್ಯಾ ಒಬ್ಬರನ್ನೂ ಒಲ್ಲೆ ಅನ್ನಲಿಲ್ಲ, ಖೇಪು ಮ್ಯಾಲ ಖೇಪು ಹಾಕಿದ. ಭಾರ ತಾಳಲಾರದೆ ಒಂದು ಹಲಗಿ ಬಿರೀತು, ನೀರು ನುಗ್ಗಲಿಕತ್ತು. ಅವನ ಹೆಂಡತಿ ಸಾಯವ್ವ ತನ್ನ ಸೀರಿ ಸೆರಗು ತುರುಕಿ, ಅದಕ್ಕ ಬೆನ್ನು ಕೊಟ್ಟು ಕುಂತಳು. ಮಂದಿ ದಾಟೋತನಕ ಏಳಲಿಲ್ಲ. ಆ ಖೇಪಿನಾಗ ನನ್ನ ಗೌರಮ್ಮ ಇದ್ದಳು, ನನ್ನ ಎರಡು ಕೂಸು ಇದ್ವು, ನಾ ಇದ್ದೆ. ನೀರಾಗ ನೆನದು ಸಾಯವ್ವಗ ಜ್ವರ ಹತ್ತಿತು, ಇಳೀಲಿಲ್ಲ, ಸತ್ತಳು. ಮುಂದ ಭೀಮಶ್ಯಾ ಘಾಸಲೇಟ್ ಎಣ್ಣಿ ಡಬ್ಬಿ ಕತ್ತರಿಸಿ ಆ ಬಿರುಕಿಗೆ ತಗಡು ಬಡದ. ಆ ತ್ಯಾಪಿ ಇಲ್ಲದ ದಂಡೋತಿ ದೋಣಿ ಮಾಡಿದ್ರ ನನ್ನಂಥ ಸುಳ್ಳ ಇನ್ನೊಬ್ಬ ಇಲ್ಲ.

ಧನುಷ್ಕೋಡಿ

ರಾಮೇಶ್ವರದ ಆಚಿ ತುದಿ ಇದು. ನೆಲ ಮುಗೀತದ, ಸ್ಟೀಮರ್ ನಿಂತಿರ್ತದ. ಅಲ್ಲಿ ಸಾಮಾನು ನೋಡೋ ಕಾರಕೂನ ಪೆಟ್ಟಿಗಿ ತಗಸಿದ. ದೋಣಿ ಎತ್ತಿ ಅಲ್ಲಾಡಿಸಿದ, ಕಿವಿ ಹತ್ರ ಹಿಡದ, ಮೂಸಿದ.

“ಒಳಗ ಏನು?”

“ಏನಿಲ್ಲ. ದೋಣಿ ಒಳಗ ಮಂದಿ ಕುಂದರ್ತಾರ.”

“ಮಕ್ಕಳ ಆಟದ ಸಾಮಾನು” ಅಂತ ಸೀಮೆಸುಣ್ಣದಾಗ ಪೆಟ್ಟಿಗಿ ಮ್ಯಾಲ ಗುರುತು ಹಾಕಿದ. ಆಟದ ಸಾಮಾನಂತ! ನಾ ಇಂಗ್ಲಿಷಿನಾಗ ಶುರು ಮಾಡಿದೆ, ಉರ್ದುಕ್ಕ ಇಳದೆ, ಕಡೀಕ ಶುದ್ಧ ಕನ್ನಡದಾಗ ಬೈದೆ. ಆತ ಯಾವ ಭಾಷಾಕ್ಕೂ ಜಗ್ಗಲಿಲ್ಲ. ಹಿಂದಿನ ಸಾಲಿನ ಮಂದಿ ಸ್ಟೀಮರ್ ತಪ್ಪತದ ಅಂತ ನನಗೇ ಬೈಲಿಕತ್ತರು. ಭೀಮಶ್ಯಾ ನನ್ನ ತೋಳು ಹಿಡದು ಎಳಕೊಂಡು ಹೋದ.

ಅವಂಗ ಸಮುದ್ರ ಕಾಣೋದು ಅದೇ ಮೊದಲ. ದಂಡಿಗೆ ಕುಂತು ಬೊಗಸಿ ನೀರು ಬಾಯಿಗೆ ಹಾಕಿಕೊಂಡ, ಥೂ ಅಂತ ಉಗುಳಿದ. “ಇಷ್ಟು ನೀರು ಮಾಡಿ ಉಪ್ಪು ಹಾಕ್ಯಾನಲ್ರಿ ದೇವರು, ಅವಂಗ ಬುದ್ಧಿ ಅದನೋ ಇಲ್ಲೋ?” ಅಂದ. ನಮ್ಮ ಕಡಿ ಕೊಡ ನೀರಿಗೆ ಹರದಾರಿ ನಡೀತಾರ. ಅವನ ಸಿಟ್ಟು ನನಗ ನ್ಯಾಯ ಅನಿಸ್ತು.

ಸ್ಟೀಮರ್ ಹೊಂಟ ಸ್ವಲ್ಪ ಹೊತ್ತಿಗೆ ಭೀಮಶ್ಯಾನ ಮಾರಿ ಹಳದಿ ಆತು. ಹುಟ್ಟಿದಾಗಿಂದ ನೀರಿನ ಮ್ಯಾಲೇ ಇದ್ದಾಂವ, ಕಠಡಾ ಹಿಡದು ರೊಟ್ಟಿ ಹಿಂಡಿ ಎಲ್ಲಾ ಸಮುದ್ರಕ್ಕ ಒಪ್ಪಿಸಿದ. ಬಾಜೂಕಿನ ಒಬ್ಬ ತಮಿಳು ಅಜ್ಜಿ ಲಿಂಬಿ ಹಣ್ಣು ಕೊಟ್ಟು ಬೆನ್ನು ಸವರಿದಳು. “ಈತ ಅಂಬಿಗ” ಅಂತ ನಾ ಆಕಿಗೆ ಸನ್ನಿ ಮಾಡಿ ಹೇಳಿದೆ. ಅಜ್ಜಿ ಹಲ್ಲಿಲ್ಲದ ಬಾಯಿ ತಗದು ನಕ್ಕಳು. ಭೀಮಶ್ಯಾ ಕಣ್ಣು ಕೆಂಪಗ ಮಾಡಿಕೊಂಡು, “ಊರಾಗ ಯಾರಿಗರ ಇದು ಹೇಳಿದ್ರ ನಿಮ್ಮನ್ನ ಹೊಳಿ ದಾಟ್ಸಂಗಿಲ್ಲ” ಅಂದ. ದೋಣಿನೇ ಇಲ್ಲ, ಏನು ದಾಟಸ್ತಿ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಈಗ ಬರದುಬಿಟ್ಟೀನಿ, ಅವ ಓದಂಗಿಲ್ಲ.

ಕೊಲಂಬೊ, ಮೊದಲ ದಿನ

ಸ್ಟೀಮರ್ ಇಳದು ಮತ್ತ ರೈಲು ಹತ್ತಿ ಬಂದ್ವಿ. ಊರು ಹಸರೋ ಹಸರು. ನಮ್ಮಲ್ಲಿ ಒಂದು ಬೇವಿನ ಗಿಡ ಇದ್ರ ಅದರ ಕೆಳಗ ಊರೇ ಕುಂದರ್ತದ, ಇಲ್ಲಿ ಗಿಡದ ನೆರಳಿಗೆ ಕೇಳಾವ್ರೇ ಇಲ್ಲ. ಮಂದಿ ಮೆತ್ತಗ ಮಾತಾಡ್ತಾರ. ಜಗಳನೂ ಮೆತ್ತಗ. ರಸ್ತಾದಾಗ ಎರಡು ಸೈಕಲ್ ಗುದ್ದಿಕೊಂಡ್ವು. ಇಬ್ಬರೂ ಇಳದು, ಏನೋ ಮೆಲ್ಲಗ ಅಂದು, ಧೂಳಿ ಝಾಡಿಸಿ ಹೋದರು. ನಮ್ಮ ಶಹಾಬಾದ ಬಜಾರದಾಗ ಆಗಿದ್ರ ಸಂಜೀತನಕ ಪಂಚಾಯ್ತಿ ನಡೀತಿತ್ತು, ನಾಕು ಮಂದಿ ಸಾಕ್ಷಿ ಆಗ್ತಿದ್ರು, ನನ್ನಂಥ ವಕೀಲಗೂ ಒಂದು ಕೇಸ್ ಸಿಗ್ತಿತ್ತು.

ಊಟದ್ದು ಮಾತ್ರ ನನ್ನ ಹೊಟ್ಟಿ ಉರಸ್ತು. ಮೀನು ಇಲ್ಲದ್ದು ಕೊಡ್ರಿ ಅಂತ ಕೈ ಮುಗದು ಕೇಳಿದೆ. ಹೋಟೆಲ್ಲಿನಾಂವ ಇಲ್ಲ, ಮೀನಿಲ್ಲ ಅಂತ ತಲಿ ಅಲ್ಲಾಡಿಸಿ, ಕೊಬ್ಬರಿ ಚಟ್ನಿ ಬಡಿಸಿದ. ಬಾಯಾಗ ಇಟ್ಟೆ, ವಾಸನಿ! ಇದೇನಂತ ಕೇಳಿದ್ರ, “ಮೀನಲ್ಲ ಸ್ವಾಮಿ, ಒಣ ಮೀನಿನ ಪುಡಿ ಅಷ್ಟೇ” ಅಂದ. ಅಷ್ಟೇ ಅಂತ! ಶರಣರ ಮನ್ಯಾಗ ಹುಟ್ಟಿ ಈ ವಯಸ್ಸಿಗೆ ಇದೊಂದು ಬಾಕಿ ಇತ್ತು. ಭೀಮಶ್ಯಾ ನನ್ನ ಎಲಿ ತನ್ನ ಕಡಿ ಎಳಕೊಂಡು, “ದೇಶ ಚಲೋ ಅದರಿ” ಅಂದ. ನಾ ಬಾಳಿಹಣ್ಣು ತಿಂದು ಮಲಗಿದೆ.

ಇನ್ನೊಂದು ಹೇಳಬೇಕು. ಎಲ್ಲಿಂದ ಬಂದ್ರಿ ಅಂತ ಕೇಳ್ತಾರ, ಹೈದರಾಬಾದ ಸ್ಟೇಟ್ ಅಂತ ಹೇಳೋದೇ ತಡ, “ಓಹೋ, ನಿಜಾಮ! ಮುತ್ತು! ವಜ್ರ!” ಅಂತಾರ. ಲಾಡ್ಜಿನ ಮಾಲಕ ನನ್ನ ಪೆಟ್ಟಿಗಿ ಕಡಿ ಕಣ್ಣು ಹಾಯಿಸಿ ಕೋಣಿಗೆ ಡಬಲ್ ಕೀಲಿ ಕೊಟ್ಟ. ನಿಜಾಮನ ರಾಜ್ಯ ಹೋಗಿ ವರ್ಷಗಟ್ಟಲೆ ಆತು, ನಮ್ಮ ಕಡಿ ತೊಗರಿ, ಜ್ವಾಳ, ಹಾಸಗಲ್ಲು ಬಿಟ್ಟರ ಏನೂ ಇಲ್ಲಪಾ ಅಂದ್ರ, ಮುತ್ತು ಮುಚ್ಚಿಡ್ಲಿಕತ್ತಾನ ಅಂತ ನಗ್ತಾನ.

ಕೊಲಂಬೊ, ಪರೀಕ್ಷೆಯ ದಿನ

ಸಂಘದ ಕಟ್ಟಡ ಬಂದರಿನ ಹತ್ರ. ಒಳಗ ಹೋದ್ರ ಕಣ್ಣು ತಿರುಗಬೇಕು. ಮೂರು ಕಂಬದ ಹಡಗು, ತೋಪಿನ ಹಡಗು, ಹಗ್ಗ ಹಗ್ಗಕ್ಕೂ ಗಂಟು, ಕೂದಲು ಸೀಳಿದಂಥ ಕೆಲಸ. ಪರೀಕ್ಷಾ ಮಾಡಾಂವ ಒಬ್ಬ ಮುದುಕ ಕಪ್ತಾನ. ಬಿಳೇ ಮೀಸಿ, ಕೈಯಾಗ ಪೆನ್ಸಿಲ್. ಹಡಗಿನ ನೌಕರಿ ಬಿಟ್ಟು ಈಗ ಮಂದಿ ಹಡಗಿನ್ಯಾಗ ತಪ್ಪು ಹುಡಕೋದೇ ಅವನ ಕೆಲಸ. ನಮ್ಮ ದೋಣಿ ಸುತ್ತ ಒಂದು ಸುತ್ತು ಹಾಕಿದ. ತಳ ನೋಡಿದ, ಇದು ಯಾಕ ಚಪ್ಪಟಿ ಅಂತ ಕೇಳಿದ. ನಮ್ಮ ಹೊಳಿ ತಳಕ್ಕ ಹಾಸಗಲ್ಲು, ನೀರು ಇಳದಾಗ ದೋಣಿ ಕಲ್ಲಿನ ಮ್ಯಾಲ ಜಾರಬೇಕು, ಅದಕ್ಕ ಚಪ್ಪಟಿ ಅಂದೆ. ತಲಿ ಹಾಕಿದ. ಹುಟ್ಟು ನೋಡಿದ, ಅಳತಿ ಪಟ್ಟಿ ಹಿಡದ, ಮತ್ತ ತಲಿ ಹಾಕಿದ. ನನ್ನ ಎದಿ ಉಬ್ಬಲಿಕತ್ತು.

ಆಮ್ಯಾಲ ಪೆನ್ಸಿಲ್ ತುದೀಲೆ ಆ ತ್ಯಾಪಿ ಕುಟ್ಟಿದ. ಟಕ್, ಟಕ್.

“ಇದೇನು?”

“ತಗಡಿನ ತ್ಯಾಪಿ. ಘಾಸಲೇಟ್ ಡಬ್ಬಿದು.”

“ಹಳೇ ಕಾಲದಿಂದ ಬಂದ ನದಿ ದೋಣಿ ಅಂತೀರಿ. ಆ ಕಾಲದಲ್ಲಿ ಸೀಮೆಎಣ್ಣೆ ಡಬ್ಬಿ ಎಲ್ಲಿತ್ತು? ಇದು ಚರಿತ್ರೆಗೆ ಒಪ್ಪುವುದಿಲ್ಲ. ಇದನ್ನು ತೆಗೆಯಿರಿ. ನಾಡಿದ್ದು ತಂದುಕೊಡಿ, ಕಪಾಟಿನಲ್ಲಿ ಇಡೋಣ. ತೆಗೆಯದಿದ್ದರೆ ಆಟಿಕೆಗಳ ಮೇಜಿಗೆ ಹಾಕಬೇಕಾಗುತ್ತದೆ.”

ಮತ್ತ ಆಟಿಗಿ! ನನ್ನ ನೆತ್ತಿಗೆ ಬೆಂಕಿ ಹತ್ತಿತು. ಚರಿತ್ರೆ ಅಂದ್ರ ಇವನ ಅಜ್ಜನ ಕಾಲಕ್ಕ ಮುಗದು ಹೋಗೇದೇನು? ಹಡಗಿಗೆ ತೋಪಿನ ಗುಂಡು ತಾಗಿದ್ರ ಅದು ಚರಿತ್ರೆ, ಅದಕ್ಕ ತೂತು ಕೊರದು ಬಣ್ಣ ಹಚ್ಚಿ ಇಟ್ಟಾರ, ನನ್ನ ಕಣ್ಣಿಲೆ ನೋಡೀನಿ. ದಂಡೋತಿ ದೋಣಿ ಬಿರದ್ರ ಅದು ಹೊಲಸು ಕೆಲಸ! ಹಂಗೇ ಅಂದೆ. ಕೂಗಿ ಅಂದೆ. ಯಾಕ ಬಿರೀತು ಅನ್ನೋದು ಮಾತ್ರ ಹೇಳಲಿಲ್ಲ. ಅಂಥಾವನ ಮುಂದ ಸಾಯವ್ವನ ಹೆಸರು ತಗಿಯೋದು ನನಗ ಬ್ಯಾಡಾಗಿತ್ತು. ಪೆಟ್ಟಿಗಿ ಮುಚ್ಚಿಕೊಂಡು ಹೊರಗ ಬಂದೆ.

ಇಂಗ್ಲಿಷ್ ಮಾತು ಭೀಮಶ್ಯಾಗ ತಿಳೀಲಿಲ್ಲ. ಲಾಡ್ಜಿಗೆ ಬಂದು ಎಲ್ಲಾ ಬಿಡಿಸಿ ಹೇಳಿದೆ. ಅವನೂ ನನ್ನಂಗ ಉರಕೊಳ್ತಾನ ಅಂತ ತಿಳದಿದ್ದೆ. ಅವ ಬೀಡಿ ಆರಿಸಿ ಅಂದ, “ತಗದುಬಿಡ್ರಿ ವಕೀಲಸಾಬ.”

“ಏನು ತಗೀಬೇಕು?”

“ತ್ಯಾಪಿ. ಹೆಣ್ಣು ತೋರ್ಸೋ ಮುಂದ ಮಾರಿ ತೊಳದು ತೋರ್ಸಂಗಿಲ್ಲೇನ್ರಿ? ದೋಣಿ ನೆಟ್ಟಗ ಕಾಣಲಿ. ಕಪಾಟಿನಾಗ ಉಳೀಲಿ.”

“ಭೀಮಶ್ಯಾ, ಇದು ಹೆಣ್ಣಲ್ಲ. ಇದು ಸಾಕ್ಷಿ. ಸಾಕ್ಷಿ ತಿದ್ದಾವ್ರನ್ನ ನಾ ಕೋರ್ಟಿನಾಗ ಅಡ್ಡ ಕೆಡವತೀನಿ. ನಾನೇ ತಿದ್ದಲೇನು?”

“ದೋಣಿ ನಂದರಿ.”

“ಮಾಡಿದಾಂವ ನಾನು!”

ಅವ ಚಾದರ ಹೊದ್ದು ಆ ಕಡಿ ಮಾರಿ ಮಾಡಿ ಮಲಗಿದ. ನಾ ಮಾತ್ರ ಭಾಳ ಹೊತ್ತು ಗೋಡಿಗೆ ವಾದ ಮಾಡಿದೆ. ಪಾರ್ಟಿನೇ ಎದುರು ವಕೀಲನ ಕಡಿ ಹೋದ್ರ ಕೇಸ್ ನಡಸಾಂವ ಎಲ್ಲಿಗಿ ಹೋಗಬೇಕು?

ಕೊಲಂಬೊ, ಮರುದಿನ ಮುಂಜಾನಿ

ಎದ್ದು ನೋಡ್ತೀನಿ, ಪೆಟ್ಟಿಗಿ ಖಾಲಿ. ದೋಣಿ ಇಲ್ಲ. ಲಾಡ್ಜಿನ ಮಾಲಕನ ಮ್ಯಾಲ ಸಂಶಯ ಬಂತು, ಮುತ್ತು ಅದಾವ ಅಂತ ಒಯ್ದಾನ ಅಂತ ಓಡಿದೆ. ಜಳಕದ ಮನ್ಯಾಗ ನೀರಿನ ಹೌಜಿನ ಕಟ್ಟಿಗೆ ಭೀಮಶ್ಯಾ ಕುಂತಿದ್ದ.

ಹೌಜಿನಾಗ ನನ್ನ ಹಲಗಿ ತೇಲಲಿಕತ್ತಿದ್ವು. ಒಂದೊಂದೂ ಬ್ಯಾರೆ ಬ್ಯಾರೆ. ಸರೇಸು ಕರಗಿ ನೀರು ಗಂಜ್ಯಾಂಗ ಆಗಿತ್ತು. ವರ್ಷಗಟ್ಟಲೆ ಕುಂತು ಬಾಗಿಸಿದ ಬಗಲಿನ ಪಕ್ಕಿ ಹಲಗಿ, ಮುಂದಿನ ಮೂತಿಯ ಅಣಿಯ ಎಲ್ಲಾ ಕಸದ ಹಂಗ ಸುತ್ತು ಹಾಕಲಿಕತ್ತಿತ್ತು. ಬಿಡಲಾರದ್ದು ಒಂದೇ: ತ್ಯಾಪಿ ತನ್ನ ಹಲಗಿಗೆ ಕಚ್ಚಿಕೊಂಡಿತ್ತು.

“ಏನು ಮಾಡಿದಿ ಇದು?” ಅಂತ ಕೂಗಿದೆ.

“ರೈಲಿನ ಝಳಕ್ಕ ಹಲಗಿ ಒಣಗಿ ಸಂದು ಬಿಟ್ಟಿತ್ತರಿ. ಮೊಳಿ ಹೋಗುವಷ್ಟು ಸಂದು. ಬ್ಯಾಸಗ್ಯಾಗ ಸಂದು ಬಿಟ್ರ ದೋಣಿ ಮಡುವಿನಾಗ ಮುಳುಗಿಸಿ ಇಡತೀವಿ, ಕಟ್ಟಿಗಿ ಉಬ್ಬಿ ತಾನೇ ಕೂಡ್ತದ. ನಮ್ಮಪ್ಪ ಇಟ್ಟ, ನಾ ಇಟ್ಟೆ. ಹಂಗೇ ಇಟ್ಟೆನ್ರಿ. ಬಿಚ್ಚತದ ಅಂತ ನನಗೇನ್ ಗೊತ್ತು?”

ಖರೆ ಮಾತು. ಕಾಗಿಣಾ ದಂಡ್ಯಾಗ ಎಲ್ಲಾರೂ ಹಂಗೇ ಮಾಡ್ತಾರ. ಆದ್ರ ಅವತ್ತು ನನ್ನ ಕಿವಿ ಮುಚ್ಚಿತ್ತು. “ಸುಳ್ಳ ಹೇಳಬ್ಯಾಡ. ತ್ಯಾಪಿ ತಗೀರಿ ಅಂದಿ, ನಾ ಒಲ್ಲೆ ಅಂದೆ. ಅದಕ್ಕ ಬೇಕಂತ ನೀರಾಗ ಹಾಕಿ ಬಿಚ್ಚಿಸಿದಿ. ನಿನ್ನ ದೋಣಿ ನೀನೇ ಮುಳುಗಿಸಿದಿ!”

ಭೀಮಶ್ಯಾ ನನ್ನ ಕಡಿ ನೋಡಿದ. ಹೌಜಿನಾಗ ಕೈ ಹಾಕಿ ತ್ಯಾಪಿ ಇದ್ದ ಹಲಗಿ ಎತ್ತಿಕೊಂಡ, ಧೋತರದ ಚುಂಗಿಲೆ ಒರಸಿದ.

“ಆಕಿ ಕುಂತ ಜಾಗಾರಿ ಇದು” ಅಂದ. “ನಿನ್ನಿ ಆ ಮನಷ್ಯಾ ಪೆನ್ಸಿಲ್ ತಗೊಂ ಕುಟ್ಟಿದ. ಇನ್ನ ಕಪಾಟಿನಾಗ ಇಟ್ರ ಬಂದಾವ್ರೆಲ್ಲಾ ಬಟ್ಟು ಮಾಡಿ ಕೇಳ್ತಾರ, ಇದೇನು ಇದೇನು ಅಂತ. ನೀವು ಕಥಿ ಹೇಳ್ತೀರಿ. ಆಕಿ ನನ್ನ ಹೇಂತಿರಿ, ಕಥಿ ಅಲ್ಲ. ಅದಕ್ಕ ಬ್ಯಾಡ ಅಂದೆ. ಅದು ಬಿಟ್ಟು ಆಕಿ ಕುಂತ ದೋಣಿನ್ನ ನಾ ಬೇಕಂತ ಬಿಚ್ಚತೀನೇನ್ರಿ?”

ಅವ ಆ ಹಲಗಿ ನನ್ನ ಅಂಗೈಯಾಗ ಇಟ್ಟ.

“ಕೂಡಸ್ರಿ. ಮೊದಲ ಇದ ಕೂಡಸ್ರಿ. ತ್ಯಾಪಿ ತಗಸಲಿಕ್ಕೆ ನಾ ಬೇಕಂತ ಮಾಡಿಲ್ಲ ಅಂತ ನಿಮಗ ಗೊತ್ತಾಗಲಿ.”

ತಪ್ಪಾತು ಭೀಮಶ್ಯಾ, ತ್ಯಾಪಿ ಬಿಟ್ಟೇ ಕೂಡಸಮು ಅಂದೆ. ಅವ ಕೇಳಲಿಲ್ಲ. ಅಂಬಿಗರ ಮ್ಯಾಲ ಸುಳ್ಳ ಹೊರಸಿದ್ರ ಅವರು ಹೊಳಿಯಷ್ಟೇ ಹಟ ಮಾಡ್ತಾರ. ತ್ಯಾಪಿ ಇಲ್ಲದ ದೋಣಿ ಒಯ್ಯೂದಾದ್ರ ನೀವೊಬ್ಬರೇ ಹೋಗ್ರಿ ಅಂದ. ಬೀದ್ಯಾಗಿನ ಬಡಿಗೇರ ಅಂಗಡಿಗೆ ಹೋಗಿ ಅಂಟು ತಂದೆ. ಹಲಗಿ ನೆರಳಿಗೆ ಆರಿಸಿ, ದಿನಾ ಪೂರ್ತಿ ಕುಂತು ಕೂಡಿಸಿದ್ವಿ. ನಾ ಅಂಟು ಹಚ್ಚತಿದ್ದೆ, ಅವ ಎರಡೂ ಕೈಲೆ ಅದುಮಿ ಹಿಡೀತಿದ್ದ. ಇದು ಹಿಂಗಲ್ಲ ಅಂತ ಅವ, ನನಗ ಕಲಸಬ್ಯಾಡ ಅಂತ ನಾನು. ಮಾಲಕ ಬಾಗಲಾಗ ನಿಂತು ನೋಡಿ, ಮುತ್ತು ಇಲ್ಲ ಅಂತ ಅವತ್ತು ನಂಬಿದ. ಪಕ್ಕಿ ಮೊದಲಿನಷ್ಟು ಚಂದ ಬಾಗಲಿಲ್ಲ, ಒಂದು ಕಡಿ ಉಬ್ಬಿ ಉಳೀತು. ಹಂಗೇ ಬಿಟ್ವಿ. ಓದಾವ್ರಿಗೆ ಒಂದು ಮಾತು: ಸರೇಸು ಹಾಕಿದ ಮಾದರಿ ನೀರಿಗೆ ತೋರಸಬ್ಯಾಡ್ರಿ. ಸಂಗಡ ಅಂಬಿಗ ಇದ್ರ ಇದನ್ನ ಅವಂಗ ಮೊದಲೇ ಹೇಳಿಡ್ರಿ.

ಕೊಲಂಬೊ, ಪ್ರದರ್ಶನ

ಮುಂಜಾನಿ ಜಲ್ದಿ ಸಂಘಕ್ಕ ಹೋದ್ವಿ. ಕಪ್ತಾನ ಪೆಟ್ಟಿಗಿ ತಗದು ನೋಡಿದ, ತ್ಯಾಪಿ ಇದ್ದಲ್ಲೇ ಅದ. ಹುಬ್ಬು ಮ್ಯಾಲ ಮಾಡಿ, ಆಟಿಕೆ ಮೇಜಿನ ಕಡಿ ಪೆನ್ಸಿಲ್ ತೋರಿಸಿದ. ಅಲ್ಲಿ ಬಣ್ಣದ ಬಾತುಕೋಳಿ, ಕೀಲಿ ಕೊಟ್ಟರ ಓಡೋ ದೋಣಿ ಇಟ್ಟಿದ್ರು. ನಾ ಅವನ ಪೆನ್ಸಿಲ್ ಕಸಗೊಂಡೆ. ಅಂಥಾ ಧೈರ್ಯ ನನಗ ಕೋರ್ಟಿನಾಗೂ ಬಂದಿಲ್ಲ. ಸಿಟ್ಟಿನ ಭರಕ್ಕ, ಮೊನ್ನಿ ಹೇಳಲಾರದ್ದೆಲ್ಲಾ ಹೇಳಿಬಿಟ್ಟೆ: ತುಂಬಿದ ಹೊಳಿ, ಓಡಿ ಬಂದ ಮಂದಿ, ಬಿರದ ಹಲಗಿ, ಅದಕ್ಕ ಬೆನ್ನು ಕೊಟ್ಟು ಕುಂತಾಕಿ. “ನನ್ನ ಹೆಂಡತಿ ಮಕ್ಕಳು ಬದಕ್ಯಾರ ಅಂದ್ರ ಈ ತಗಡಿನ ಜಾಗಾದಾಗ ಒಂದು ಹೆಣ್ಣುಮಗಳ ಬೆನ್ನು ಇತ್ತು. ಈತ ಆಕಿ ಗಂಡ. ಇನ್ನ ಹೇಳ್ರಿ, ಎಲ್ಲಿ ಅದ ನಿಮ್ಮ ಚರಿತ್ರೆ?”

ಕಪ್ತಾನ ಟೊಪ್ಪಿಗಿ ತಗದು ಭೀಮಶ್ಯಾನ ಕಡಿ ತಲಿ ಬಗ್ಗಿಸಿದ. ತಾನೇ ಕೀಲಿ ತಂದು ಗಾಜಿನ ಕಪಾಟು ತಗದ. ತೋಪಿನ ಹಡಗನ್ನ ಆ ಕಡಿ ಸರಸಿ ಜಾಗಾ ಮಾಡಿದ. ನಾ ಗೆದ್ದೆ! ನಮ್ಮ ಚಿತ್ತಾಪುರ ಮಂದಿ ಒಬ್ಬರರ ನೋಡ್ಲಿಕ್ಕೆ ಇರಬೇಕಿತ್ತು ಅಂತ ಕಣ್ಣಾಗ ನೀರು ಬಂತು.

ಏನು ನಡೀತು ಅಂತ ಭೀಮಶ್ಯಾ ಕೇಳಿದ. “ಕಪಾಟಿನಾಗ ಇಡ್ತಾರಪ. ಖಾಯಂ. ದಂಡೋತಿ ಅಂತ ಹೆಸರು ಬರೀತಾರ” ಅಂದೆ. ಕಥಿ ಹೇಳಿದೆ ಅನ್ನಲಿಲ್ಲ, ಆದ್ರ ಕಪ್ತಾನ ತಲಿ ಬಗ್ಗಿಸಿದ್ದು ಅವ ನೋಡಿದ್ದ, ಅವಂಗ ತಿಳದಿತ್ತು. “ನಾ ಇಡ್ತೀನ್ರಿ” ಅಂದ. ಎರಡೂ ಕೈಲೆ ದೋಣಿ ಎತ್ತಿ ಒಳಗ ಇಟ್ಟ. ಇಟ್ಟು, ಅರ್ಧ ಸುತ್ತು ತಿರುವಿದ. ತ್ಯಾಪಿ ಗೋಡಿ ಕಡಿ ಆತು, ಉಬ್ಬಿದ ಪಕ್ಕಿ ಮಂದಿ ಕಡಿ ಬಂತು. ಗಾಜಿನ ಬಾಗಲ ತಾನೇ ಮುಚ್ಚಿ, ದೂರ ಹೋಗಿ ಕಿಡಕಿ ಹತ್ರ ನೆಲಕ್ಕ ಕುಂತ. ನಾ ನೋಡಿದೆ, ಹಂಗೇ ಬಿಟ್ಟೆ.

ಹೊತ್ತೇರಿದ ಹಂಗ ಮಂದಿ ಬಂದರು. ಸೂಟು ಹಾಕಿದಾವ್ರು, ಕೊಡಿ ಹಿಡದ ಹೆಣ್ಣುಮಕ್ಕಳು, ಪೇಪರಿನಾಂವ ಒಬ್ಬ. ಕಪ್ತಾನ ಎಲ್ಲಾರನ್ನೂ ಕರಕೊಂಡು ಸೀದಾ ನಮ್ಮ ಕಪಾಟಿಗೆ ಬಂದ. ಅವನ ಕಣ್ಣಾಗ ಹೊಳಪು. ಇಲ್ಲಿರೋ ಎಲ್ಲಾ ಹಡಗಿಗಿಂತ ದೊಡ್ಡ ಸಂಗತಿ ಇದರಾಗ ಅದ, ಬರ್ರಿ, ನೋಡ್ರಿ ಅಂತ ಹೇಳಿ, ಕೀಲಿ ತಿರುವಿ, ಬಾಗಲ ತಗದು, ತ್ಯಾಪಿ ಮಂದಿ ಕಡಿ ಬರ್ಲಿ ಅಂತ ದೋಣಿಗೆ ಕೈ ಹಾಕಿದ. ಕಿಡಕಿ ಹತ್ರ ಭೀಮಶ್ಯಾ ಎದ್ದು ನಿಂತಿದ್ದು ಕಂಡಿತು. ಬರಲಿಲ್ಲ, ಅಲ್ಲೇ ನಿಂತ.

“ಮುಟ್ಟಬ್ಯಾಡ್ರೀ!” ಅಂತ ಒದರಿದೆ. ಕನ್ನಡದಾಗೇ ಒದರಿದೆ, ಇಂಗ್ಲಿಷ್ ಬಾಯಿಗೆ ಬರಲೇ ಇಲ್ಲ. ಇಡೀ ಕೋಣಿ ನನ್ನ ಕಡಿ ತಿರುಗಿತು.

ಕಪ್ತಾನ ಕೈ ಹಿಂದಕ್ಕ ತಗೊಂಡ. “ಮೊನ್ನೆ ಇದನ್ನು ತೋರಿಸಬೇಕೆಂದು ನೀವೇ ಅಲ್ಲವೇ ಜಗಳವಾಡಿದ್ದು?”

“ಹೌದು, ಆಡಿದೆ. ಈಗ ಬ್ಯಾಡ ಅಂತ ಆಡಲಿಕತ್ತೀನಿ. ದೋಣಿ ಅದರ ಮಾಲಕ ಇಟ್ಟಂಗೇ ಇರಬೇಕು.”

“ಆ ಬದಿಯಲ್ಲಿ ಏನಿದೆ?” ಅಂತ ಪೇಪರಿನಾಂವ ಕೇಳಿದ.

“ಏನಿಲ್ಲರಿ” ಅಂದೆ. “ಈ ಕಡಿ ಇದ್ದಂಗೇ ಅದ, ಹಲಗಿ.”